ಬರೆದವರು ಬೇರೆ, ಓದಿದವರು ಬೇರೆ

ಸೋಮವಾರ ಬೆಳಿಗ್ಗೆ ಒಂಬತ್ತು ಗಂಟೆ ಐದು ನಿಮಿಷಕ್ಕೆ ಯಂತ್ರದ ಸೀಡಿ ಡ್ರೈವ್ ಮೂರು ಸಲ ಗುರ್ ಎಂದು ತಿರುಗಿತು, ನಾಲ್ಕನೇ ಸಲ ಒಂದು ಸಣ್ಣ ಕೆಮ್ಮು ಕೆಮ್ಮಿ ಸುಮ್ಮನಾಯಿತು. ಮಿಷಿನಮ್ಮ ಡ್ರೈವಿನ ಬಾಗಿಲು ತೆಗೆದು, ಸೀಡಿಯನ್ನು ಹೊರಗೆಳೆದು, ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ಒರೆಸಿ ಮತ್ತೆ ಹಾಕಿದಳು. ಮತ್ತೆ ಅದೇ ಕೆಮ್ಮು. ಕಪ್ಪು ಪರದೆಯ ಮೇಲೆ ಒಂದೇ ಸಾಲು: ಡಿಸ್ಕ್ ಓದಲಾಗುತ್ತಿಲ್ಲ.

ಅವಳಿಗೆ ಆ ಹೆಸರು ಇಟ್ಟದ್ದು ಮುದ್ರಣಾಲಯದವರು. ಕುರುಡರಿಗೆಂದು ಉಬ್ಬು ಚುಕ್ಕಿಯ ಬ್ರೈಲ್ ಪುಸ್ತಕ ಮಾಡುವ ಈ ಪುಟ್ಟ ಮುದ್ರಣಾಲಯದಲ್ಲಿ ದೊಡ್ಡ ಯಂತ್ರವನ್ನು ಒಂಬತ್ತು ವರ್ಷದಿಂದ ನಡೆಸುತ್ತಿರುವವಳು ಅವಳೊಬ್ಬಳೇ. ಅವಳ ಅತ್ತೆಯೂ ಅಲ್ಲೇ, ಗೋಡೆಯಾಚೆಯ ಕೋಣೆಯಲ್ಲಿ, ಮೂವತ್ತೆರಡು ವರ್ಷದಿಂದ ಕರಡು ತಿದ್ದುತ್ತಿದ್ದರು. ನಾಲ್ಕನೇ ವಯಸ್ಸಿಗೇ ದೃಷ್ಟಿ ಹೋದ ಅತ್ತೆ ಬೆರಳಲ್ಲಿ ಓದುವ ವೇಗಕ್ಕೆ ಎದುರು ಕೂತು ಅಚ್ಚಿನ ಪ್ರತಿ ನೋಡುವವರ ಕಣ್ಣು ಬಳಲುತ್ತಿತ್ತು. ಮುದ್ರಣಾಲಯದ ಎಲ್ಲರಿಗೂ ಅವರು ಅತ್ತೆಯೇ. ಅವರಿಗಿಂತ ಒಂದು ವರ್ಷ ದೊಡ್ಡವರಾದ ಮ್ಯಾನೇಜರಿಗೂ ಅತ್ತೆಯೇ.

"ಏನೇ ಅದು, ನಿನ್ನ ಮಿಷಿನ್ನು ಬೆಳಿಗ್ಗೆ ಬೆಳಿಗ್ಗೆ ಗಂಟಲು ಸರಿ ಮಾಡ್ಕೊಳ್ತಾ ಇದೆ?" ಆಚೆಯಿಂದ ಅತ್ತೆಯ ದನಿ.

"ಹಾಡೋಕಲ್ಲ ಅತ್ತೆ. ಮಲಗೋಕೆ."

ಯಂತ್ರ ಮಾಡಿದ ಕಂಪನಿ ಮುಚ್ಚಿ ಏಳು ವರ್ಷವಾಗಿತ್ತು. ಯಂತ್ರವನ್ನು ಆಡಿಸುವ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಸತ್ತು ನಾಲ್ಕು ವರ್ಷ. ಅಂದಿನಿಂದ ದಿನವೂ ಬೆಳಿಗ್ಗೆ ಕಂಪನಿಯವರು ಕೊಟ್ಟಿದ್ದ ಸೀಡಿ ಹಾಕಿ, ಆರು ನಿಮಿಷ ಕಾದು, ಅದರಿಂದಲೇ ಕಂಪ್ಯೂಟರನ್ನು ಎಬ್ಬಿಸುವುದು ರೂಢಿ. ಕೊಟ್ಟಿದ್ದು ಎರಡು ಸೀಡಿ. ಬೀರುವಿನಲ್ಲಿ ಜೋಪಾನವಾಗಿಟ್ಟಿದ್ದ ಒಂದರ ಮೇಲ್ಪದರ ಮೂರು ವರ್ಷದ ಹಿಂದೆಯೇ ಈರುಳ್ಳಿ ಸಿಪ್ಪೆಯ ಹಾಗೆ ಎದ್ದುಹೋಗಿತ್ತು. ಉಳಿದದ್ದು ಈಗ ಅವಳ ಕೈಯಲ್ಲಿರುವುದು. ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಸಾವಿರ ಸಲ ಒಳಗೆ ಹೊರಗೆ ಹೋದ ಗುರುತು, ಕೂದಲೆಳೆಯಂಥ ಗೀರುಗಳು, ಲೆಕ್ಕವಿಲ್ಲದಷ್ಟು.

ಬೇರೆ ವಾರವಾಗಿದ್ದರೆ ಅವಳು ಇಷ್ಟು ಬೆವರುತ್ತಿರಲಿಲ್ಲ. ಈ ವಾರ ಅಚ್ಚಾಗಬೇಕಿದ್ದದ್ದು ಏಳನೇ ತರಗತಿಯ ರೇಖಾಗಣಿತ. ಈ ತನಕ ಕಣ್ಣಿಲ್ಲದ ಮಕ್ಕಳಿಗೆ ಆ ಪಾಠವನ್ನು ಬಿಟ್ಟುಬಿಡಿ ಎನ್ನುತ್ತಿದ್ದರು. ಪರೀಕ್ಷೆಯಲ್ಲಿ ಅದರ ಬದಲಿಗೆ ಬೇರೆ ಪ್ರಶ್ನೆ ಕೊಡುತ್ತಿದ್ದರು. ಈ ವರ್ಷ ಅಂಥ ಮಕ್ಕಳ ಶಾಲೆಯ ಗಣಿತದ ಮೇಷ್ಟ್ರು ಪಟ್ಟು ಹಿಡಿದು, ನಮ್ಮ ಮೂವತ್ತೊಂದು ಮಕ್ಕಳೂ ಎಲ್ಲರ ಹಾಗೆ ತ್ರಿಭುಜ ಕಲಿಯಲಿ ಎಂದು ಒಪ್ಪಿಗೆ ತಂದಿದ್ದರು. ಅವರಿಗಾಗಿ ಮಿಷಿನಮ್ಮ ಐದು ತಿಂಗಳು ಕೂತು ಅರವತ್ತನಾಲ್ಕು ಚಿತ್ರ ಬರೆದಿದ್ದಳು. ಯಾವ ಗೆರೆ ದಪ್ಪ, ಯಾವುದು ಸಣ್ಣ, ಎರಡು ಚುಕ್ಕಿಯ ನಡುವೆ ಎಷ್ಟು ಜಾಗ ಬಿಟ್ಟರೆ ಬೆರಳಿಗೆ ಗೆರೆಯೆನಿಸುತ್ತದೆ, ಎಷ್ಟು ಬಿಟ್ಟರೆ ಬರೀ ಚುಕ್ಕಿಯೆನಿಸುತ್ತದೆ ಎಂಬುದನ್ನೆಲ್ಲ ಚೂರು ಕಾಗದದ ಮೇಲೆ ಒತ್ತಿ ಒತ್ತಿ ಅತ್ತೆಯ ಬೆರಳಿಗೆ ಕೊಟ್ಟು ಕೇಳಿದ್ದಳು. ಚಿತ್ರಗಳು ಆಫೀಸಿನ ಕಂಪ್ಯೂಟರಿನಲ್ಲಿ ಭದ್ರವಾಗಿದ್ದವು. ಆದರೆ ಅಂಥ ಗೆರೆ ಉಬ್ಬಿಸಬಲ್ಲ ಯಂತ್ರ ಇದೊಂದೇ. ಶಾಲೆ ಶುರುವಾಗುವುದು ಮುಂದಿನ ಸೋಮವಾರ. ಪುಸ್ತಕ ಒಯ್ಯುವ ವ್ಯಾನು ಬರುವುದು ಶುಕ್ರವಾರ ಮಧ್ಯಾಹ್ನ ಒಂದಕ್ಕೆ. ಅದು ತಪ್ಪಿದರೆ ಮೇಷ್ಟ್ರು ತಂದ ಒಪ್ಪಿಗೆ ಕಾಗದದಲ್ಲೇ ಉಳಿದು, ಮಕ್ಕಳು ಮತ್ತೆ "ಆ ಪಾಠ ಬಿಡಿ" ಗುಂಪಿಗೆ ಸೇರುತ್ತಿದ್ದರು. ವರ್ಷದ ನಡುವೆ ಪುಸ್ತಕ ಬಂದರೆ ಯಾರೂ ಪಾಠ ಹಿಂದಕ್ಕೆ ತಿರುಗಿಸುವುದಿಲ್ಲ.

ಅವಳು ರದ್ದಿ ಕಾಗದದ ಮೇಲೆ ಗುಣಿಸಿದಳು. ತೊಂಬತ್ತಾರು ಹಾಳೆ, ಮೂವತ್ತೊಂದು ಪ್ರತಿ, ಹಾಳೆಗೆ ಇಪ್ಪತ್ತು ಸೆಕೆಂಡು. ಹದಿನಾರೂವರೆ ಗಂಟೆ, ಮೇಲೆ ಎರಡು ನಿಮಿಷ. ರಾತ್ರಿ ಯಂತ್ರ ಓಡಿಸುವಂತಿಲ್ಲ; ಹಗಲಿನ ಕೆಲಸದ ಹೊತ್ತನ್ನಷ್ಟೇ ಹಿಡಿದರೆ, ಬುಧವಾರ ಹನ್ನೆರಡಕ್ಕೆ ಯಂತ್ರ ಎದ್ದರೆ ಶುಕ್ರವಾರ ಹನ್ನೆರಡೂವರೆಗೆ ಮುಗಿಯುತ್ತದೆ. ಆ ಎರಡು ನಿಮಿಷವನ್ನು ಊಟದಲ್ಲಿ ಕಡಿಮೆ ಮಾಡಿಕೊಳ್ಳಬಹುದು. ಹನ್ನೆರಡರ ಮೇಲೆ ಒಂದು ಗಂಟೆ ಜಾರಿದರೂ ಇಲ್ಲ.

ಮ್ಯಾನೇಜರ್ ಮೊದಲು ತಾವೇ ಕೈ ಹಾಕಿದರು. ಯಂತ್ರದ ಡ್ರೈವ್ ಓದದ ಸೀಡಿಯನ್ನು ಆಫೀಸಿನ ಕಂಪ್ಯೂಟರ್ ಹೇಗೋ ಓದಿತು. ಯಾವುದೋ ಸಮ್ಮೇಳನದಲ್ಲಿ ಉಡುಗೊರೆ ಬಂದಿದ್ದ ಪೆನ್‌ಡ್ರೈವನ್ನು ಚೀಲದಿಂದ ತೆಗೆದು, ಸೀಡಿಯಲ್ಲಿದ್ದ ಫೈಲುಗಳನ್ನೆಲ್ಲ ಆಯ್ದು ಅದಕ್ಕೆ ಎಳೆದು ಹಾಕಿ, ಹತ್ತು ನಿಮಿಷದಲ್ಲಿ ಎದೆಯುಬ್ಬಿಸಿ ಬಂದರು.

"ಇಷ್ಟೇ ಅಮ್ಮ. ಎಲ್ಲ ಇದರಲ್ಲಿದೆ. ಎರಡು ಫೈಲು ಮಾತ್ರ ತಕರಾರು ತೆಗೆದವು."

"ಆಮೇಲೆ ಸಾರ್?"

"ಸ್ಕಿಪ್ ಅಂತ ಒಂದು ಗುಂಡಿ ಬಂತು, ಒತ್ತಿದೆ."

ಆಚೆ ಕೋಣೆಯಿಂದ ಅತ್ತೆ ನಕ್ಕರು. "ಆ ಗುಂಡಿ ನನ್ನ ಮೇಜಿಗೂ ಒಂದು ಹಾಕಿಸಿಕೊಡಿ. ಕಷ್ಟದ ಪುಟ ಬಂದಾಗ ಒತ್ತುತ್ತೀನಿ."

ಪೆನ್‌ಡ್ರೈವ್ ಚುಚ್ಚಿದರೆ ಯಂತ್ರದ ಕಂಪ್ಯೂಟರ್ ಅದನ್ನು ನೋಡಿದ ಹಾಗೂ ಮಾಡಲಿಲ್ಲ. ಮಿಷಿನಮ್ಮ ಸೀಡಿಯ ಜೊತೆ ಬಂದಿದ್ದ ಕೈಪಿಡಿ ತೆಗೆದಳು. ಕೊನೆಯ ಪುಟದಲ್ಲಿ, ಇಷ್ಟು ವರ್ಷ ಯಾರೂ ಓದದ ಜಾಗದಲ್ಲಿ, ನಾಲ್ಕು ಸಾಲಿತ್ತು. ಈ ಡಿಸ್ಕಿನ ಇಮೇಜನ್ನು ಪೆನ್‌ಡ್ರೈವಿಗೆ ಬರೆದೂ ಯಂತ್ರ ಎಬ್ಬಿಸಬಹುದು. ಇಮೇಜಿನ ಅಳತೆ 34,18,35,776 ಬೈಟು. 2,048 ಬೈಟಿನ 1,66,912 ತುಂಡುಗಳು. ಕೆಳಗೆ ಅಂಕೆಯೂ ಅಕ್ಷರವೂ ಕಲೆತ ಮೂವತ್ತೆರಡರ ಒಂದು ಉದ್ದನೆಯ ಸರ. ಅದರ ತಲೆಬರಹ: ತಾಳೆ ಸಂಖ್ಯೆ.

ಮಂಗಳವಾರ ಬೆಳಿಗ್ಗೆ ಅವಳು ಸೀಡಿ, ಕೈಪಿಡಿ, ಮ್ಯಾನೇಜರರ ಪೆನ್‌ಡ್ರೈವ್ ಮೂರನ್ನೂ ಚೀಲಕ್ಕೆ ಹಾಕಿಕೊಂಡು ಮೈದುನನ ಅಂಗಡಿಗೆ ಹೋದಳು. ಅತ್ತೆಯ ಕಿರಿಯ ಮಗ ಅವನು. ಎರಡು ಬೀದಿಯಾಚೆ, ಒಂದು ಬೀಗದ ಅಂಗಡಿಗೂ ಒಂದು ಲಾಂಡ್ರಿಗೂ ನಡುವೆ, ಕಂಪ್ಯೂಟರ್ ರಿಪೇರಿ. ಒಳಗೆ ಕಾಲಿಡಬೇಕಾದರೆ ಬಿಚ್ಚಿಟ್ಟ ಡಬ್ಬಗಳನ್ನು ದಾಟಬೇಕು.

"ಬನ್ನಿ ಅತ್ತಿಗೆ. ಅಣ್ಣನ ಫೋನ್ ಒಡೆಯಿತಾ?"

"ನಿಮ್ಮಣ್ಣ ಬಸ್ಸು ಓಡಿಸೋಕೆ ಹೋಗಿದ್ದಾರೆ, ಗುರುವಾರ ಬರ್ತಾರೆ. ಆಮೇಲೆ ಒಡೀತಾರೆ. ಇದನ್ನ ನೋಡು ಮೊದಲು."

ಅವನು ಸೀಡಿಯನ್ನು ಓರೆಯಾಗಿ ಹಿಡಿದು ನೋಡಿ ಶಿಳ್ಳೆ ಹಾಕಿದ. ಮ್ಯಾನೇಜರ್ ಮಾಡಿದ್ದನ್ನು ಕೇಳಿ ತಲೆ ಚಚ್ಚಿಕೊಂಡ. "ಫೈಲು ಎಳೆದು ಹಾಕಿದರೆ ಸಾಮಾನು ಬರುತ್ತೆ ಅತ್ತಿಗೆ, ಮನೆ ಬರಲ್ಲ. ಕಂಪ್ಯೂಟರ್ ಏಳುವಾಗ ಮೊದಲು ನೋಡೋದು ಡಿಸ್ಕಿನ ಮೊದಲ ತುಂಡಲ್ಲಿ ಏನಿದೆ, ಎರಡನೇದರಲ್ಲಿ ಏನಿದೆ ಅಂತ. ಅದು ಯಾವ ಫೈಲಲ್ಲೂ ಇರಲ್ಲ. ಮೊದಲನೇ ತುಂಡಿಂದ ಕೊನೇ ತುಂಡಿನ ತನಕ, ಖಾಲಿ ಜಾಗನೂ ಸೇರಿಸಿ, ಇದ್ದದ್ದು ಇದ್ದ ಹಾಗೆ ಎತ್ತಬೇಕು. ಅದೇ ಇಮೇಜು."

ಮಿಷಿನಮ್ಮನಿಗೆ ಇದು ಸುಲಭವಾಗಿ ಹಿಡಿಸಿತು. ಬ್ರೈಲ್ ಪುಟದಲ್ಲಿ ಖಾಲಿ ಬಿಟ್ಟ ಅಕ್ಷರದ ಮನೆಗೂ ಅರ್ಥವಿರುತ್ತದೆ. ಅಕ್ಷರವೆಲ್ಲ ಇದ್ದು ಜಾಗ ತಪ್ಪಿದರೆ ಅದು ಪುಟವಲ್ಲ.

ಅವನ ಒಳ್ಳೆಯ ಡ್ರೈವ್ ಆ ಸೀಡಿಯನ್ನು ಓದಲು ಐವತ್ತೆರಡು ನಿಮಿಷ ತೆಗೆದುಕೊಂಡಿತು. ಎರಡು ಕಡೆ ಹಟ ಹಿಡಿದು ನಿಂತಿತು; ಅದೇ ತುಂಡನ್ನು ಹಿಂದೆ ಮುಂದೆ ಹೋಗಿ ಓದಿ, ಕೊನೆಗೆ ದಾಟಿತು. ಮ್ಯಾನೇಜರ್ ಸ್ಕಿಪ್ ಒತ್ತಿದ ಜಾಗಗಳೇ ಇರಬೇಕು. ಮುಗಿದ ಮೇಲೆ ಅವನು ತಾಳೆ ಸಂಖ್ಯೆ ತೆಗೆಸಿದ. "ಇದು ಇಮೇಜಿನ ಬೆರಳಚ್ಚು ಅಂದುಕೊಳ್ಳಿ. ಮೂವತ್ತನಾಲ್ಕು ಕೋಟಿ ಬೈಟಿನಲ್ಲಿ ಒಂದೇ ಒಂದು ಆಚೀಚೆ ಆದರೂ ಈ ಸಂಖ್ಯೆ ಪೂರ್ತಿ ಬೇರೆ ಆಗುತ್ತೆ." ಪರದೆಯ ಸಂಖ್ಯೆಯನ್ನೂ ಕೈಪಿಡಿಯ ಸಂಖ್ಯೆಯನ್ನೂ ಅವಳು ನಾಲ್ಕು ನಾಲ್ಕರಂತೆ ತುಂಡು ಮಾಡಿ ನೋಡಿದಳು. ಎಂಟು ತುಂಡೂ ಒಂದೇ.

ಖಾತ್ರಿಗೆಂದು ಇನ್ನೊಂದು ಸಲ ಓದಿಸಲು ಹೋದರೆ ಸೀಡಿ ಅವನ ಡ್ರೈವಿಗೂ ಕೈಕೊಟ್ಟಿತು. ಮತ್ತೆ ಓದಲಿಲ್ಲ.

"ಕೊನೇ ಉಸಿರಲ್ಲಿ ಹೇಳಿ ಹೋಯಿತು," ಎಂದ ಮೈದುನ. "ಪೂರ್ತಿ ಹೇಳಿ ಹೋಯಿತಲ್ಲ, ಅದೇ ದೊಡ್ಡದು."

ಆಮೇಲಿನ ಕೆಲಸ ಹತ್ತು ನಿಮಿಷದ್ದು. ಪೆನ್‌ಡ್ರೈವ್ ಚುಚ್ಚಿ, ಅದರಲ್ಲಿದ್ದದ್ದನ್ನು ಅಳಿಸಿ, ಇಮೇಜನ್ನು ಬರೆಸಿ, ಅದೇ ತಂತ್ರಾಂಶದಿಂದಲೇ ತಾಳೆ ನೋಡಿಸಿದ. ಪರದೆಯ ಮೇಲೆ ಹಸಿರು ಬಣ್ಣದಲ್ಲಿ ಮೂಡಿತು: ತಾಳೆಯಾಗಿದೆ. ಅವಳಿಗೆ ಅಲ್ಲೇ ಕುಣಿಯುವಷ್ಟು ಸಂತೋಷವಾಯಿತು. ಡಬ್ಬಗಳಿದ್ದದ್ದರಿಂದ ಕುಣಿಯಲಿಲ್ಲ.

ಮುದ್ರಣಾಲಯಕ್ಕೆ ಬಂದ ತಕ್ಷಣ ರಿಜಿಸ್ಟರಿನಲ್ಲಿ ದಾಖಲು ಮಾಡಿದಳು. ಅಲ್ಲಿ ತಯಾರಾದ ಪ್ರತಿ ವಸ್ತುವೂ ಆ ದಪ್ಪ ಪುಸ್ತಕಕ್ಕೆ ಹೋಗಬೇಕು: ದಿನಾಂಕ, ವಸ್ತು, ಬರೆದವರು, ಓದಿದವರು. ಆಮೇಲೆ ಪೆನ್‌ಡ್ರೈವನ್ನು ಯಂತ್ರದ ಕಂಪ್ಯೂಟರಿಗೆ ಚುಚ್ಚಿ ಗುಂಡಿ ಒತ್ತಿದಳು. ಮ್ಯಾನೇಜರ್, ಪುಸ್ತಕದ ಹೊಲಿಗೆಯವರು, ಪ್ಯಾಕಿಂಗಿನವರು ಎಲ್ಲರೂ ಬಂದು ನಿಂತರು. ಪರದೆಯ ಮೇಲೆ ಕಂಪನಿಯ ಗುರುತು ಬಂತು. ಚಪ್ಪಾಳೆ ಬಿತ್ತು. ನೀಲಿ ಪಟ್ಟಿ ಅರ್ಧ ದಾಟಿತು, ಇನ್ನೂ ಸ್ವಲ್ಪ ಹೋಯಿತು, ನಿಂತಿತು. ಒಂದು ಸಾಲು ಬಂತು: ಫೈಲು ಹಾಳಾಗಿದೆ, ಮುಂದುವರಿಯಲಾಗದು.

ಮೂರು ಸಲ ಪ್ರಯತ್ನಿಸಿದಳು. ಮೂರು ಸಲವೂ ಅದೇ ಜಾಗದಲ್ಲಿ.

ಮೈದುನನಿಗೆ ಫೋನ್ ಮಾಡಿದಳು. "ಅತ್ತಿಗೆ, ಪ್ರತಿ ಸರಿ ಇದೆ, ಹಸಿರು ಬಂದದ್ದು ನೀವೇ ನೋಡಿದ್ರಲ್ಲ," ಎಂದ ಅವನು. "ಪ್ರತಿ ಸರಿಯಿದ್ದೂ ಓದಕ್ಕಾಗಲ್ಲ ಅಂದ್ರೆ ತೊಂದರೆ ನಿಮ್ಮ ಮಿಷಿನ್ ಕಂಪ್ಯೂಟರಲ್ಲೇ. ಅದರ ಮೆಮರಿ ಹೋಗಿರಬೇಕು. ಆ ಕಾಲದ ಬಿಡಿಭಾಗ ಈಗ ಎಲ್ಲಿ ಸಿಗುತ್ತೆ?"

ಮ್ಯಾನೇಜರ್ ಕುರ್ಚಿಯಲ್ಲಿ ಕೂತು ಕನ್ನಡಕ ತೆಗೆದರು. ಅವರು ಕೆಟ್ಟವರಲ್ಲ, ಕೈಲಾಗದ್ದನ್ನು ಕೈಲಾಗದು ಎಂದು ಬೇಗ ಹೇಳಿಬಿಡುವ ಜಾತಿ. "ನಾಳೆ ಹನ್ನೆರಡರ ತನಕ ನೋಡೋಣಮ್ಮ. ಆಮೇಲೆ ಶಾಲೆಗೆ ಕಾಗದ ಬರೀತೀನಿ. ಪಾಪ, ಮೇಷ್ಟ್ರು ದಿನಾ ಫೋನ್ ಮಾಡ್ತಾರೆ, ಎಷ್ಟಾಯ್ತು ಎಷ್ಟಾಯ್ತು ಅಂತ. ನಾನು ತಾನೆ ಏನು ಹೇಳಲಿ?"

ಅವಳು ಪೆನ್‌ಡ್ರೈವನ್ನು ಕಿತ್ತು ಚೀಲಕ್ಕೆ ಹಾಕಿಕೊಂಡಳು. ಅತ್ತೆಯ ಕೈ ಹಿಡಿದು ಮನೆಗೆ ನಡೆದಳು. ದಾರಿಯುದ್ದಕ್ಕೂ ಅತ್ತೆ ಕೆಣಕಲಿಲ್ಲ. ಅವರ ಮಟ್ಟಿಗೆ ಅದು ದೊಡ್ಡ ತ್ಯಾಗವೇ.

ಏಳು ಗಂಟೆಗೆ ಅವಳು, ಅತ್ತೆ, ಮೈದುನ ಮೂವರೂ ಊಟಕ್ಕೆ ಕೂತಿದ್ದರು. ಮನೆ ಮೂರನೇ ಮಹಡಿಯಲ್ಲಿ, ಎರಡು ಕೋಣೆ, ಒಂದು ಅಡುಗೆಮನೆ. ಮೇಜಿನ ಒಂದು ಕಾಲಿನ ಕೆಳಗೆ ಮಡಚಿಟ್ಟ ಬ್ರೈಲ್ ಕಾಗದ. ಮೈದುನ ಯಂತ್ರದ ಮೆಮರಿಯ ಬಗ್ಗೆ ಒಂದೇ ಸಮನೆ ಹೇಳುತ್ತಿದ್ದ. ಅತ್ತೆ ತಟ್ಟೆಯ ಮೇಲೆ ಕೈಯಿಟ್ಟುಕೊಂಡು ಕೇಳುತ್ತಿದ್ದವರು ಇದ್ದಕ್ಕಿದ್ದ ಹಾಗೆ ಸೊಸೆಯ ಕಡೆ ತಿರುಗಿದರು.

"ರಿಜಿಸ್ಟರಿಗೆ ಹಾಕಿದೆಯೇನೇ, ಆ ಪೆನ್ನನ್ನ?"

"ಪೆನ್‌ಡ್ರೈವ್ ಅತ್ತೆ. ಹಾಕಿದೆ."

"ಬರೆದವರು ಅಂತ ಯಾರ ಹೆಸರು?"

"ನಿಮ್ಮ ಮಗಂದು."

"ಓದಿದವರು?"

"ಅವಂದೇ."

ಅತ್ತೆ ತಟ್ಟೆಯಿಂದ ಕೈ ತೆಗೆದರು. "ಮೂವತ್ತೆರಡು ವರ್ಷದಲ್ಲಿ ಆ ಪುಸ್ತಕದಲ್ಲಿ ಒಂದೇ ಹೆಸರು ಎರಡು ಕಡೆ ಬಿದ್ದಿದ್ದಿಲ್ಲ. ನಿನ್ನ ಕೈಯಾರೆ ಬರೆದೆಯಾ?"

"ಅಮ್ಮಾ, ಓದಿದ್ದು ನಾನಲ್ಲಮ್ಮ, ಕಂಪ್ಯೂಟರು," ಎಂದ ಮಗ.

"ಬರೆದದ್ದು?"

"ಅದೂ ಕಂಪ್ಯೂಟರೇ."

"ಒಂದೇ ಕಂಪ್ಯೂಟರಾ, ಎರಡಾ?"

"ಒಂದೇ. ಆದರೆ ಅದು ಮನುಷ್ಯನ ಹಾಗಲ್ಲ, ಅದಕ್ಕೆ—"

"ಲೋ, ಹೇಳೋದು ಕೇಳು. ಮೊದಲು ನಾವು ತಗಡಿನ ಮೇಲೆ ಕೈಮಿಷಿನ್ನಲ್ಲಿ ಚುಕ್ಕಿ ಹೊಡೀತಿದ್ವಿ. ಹೊಡೆದವಳು ತಗಡನ್ನ ಮಿಷಿನ್ನಿಂದ ಇಳಿಸದೇನೇ ಅಲ್ಲೇ ಬೆರಳಾಡಿಸಿ ಸರಿ ಇದೆ ಅಂತಿದ್ಲು. ಸರಿ ಇರ್ತಿರಲಿಲ್ಲ. ಯಾಕೆ ಹೇಳು? ಅವಳ ಬೆರಳು ತಗಡನ್ನ ಓದ್ತಾ ಇರಲಿಲ್ಲ. ತಾನು ಹೊಡೆದದ್ದನ್ನ ನೆನಪು ಮಾಡ್ಕೊಳ್ತಾ ಇತ್ತು. ಅದಕ್ಕೇ ತಗಡು ಇಳಿಸು, ಇನ್ನೊಂದು ಮೇಜಿಗೆ ಒಯ್ಯಿ, ಇನ್ನೊಬ್ಬಳು ಓದಲಿ ಅಂತ ಕಾನೂನು ಬಂದದ್ದು. ನೀನು ಆ ಪೆನ್ನನ್ನ ಇಳಿಸಿದ್ಯೇನೋ, ಓದಿಸೋ ಮೊದಲು?"

"ಅಮ್ಮಾ, ಕಂಪ್ಯೂಟರಿಗೆ ಬೆರಳೂ ಇಲ್ಲ, ನೆನ—"

ಅವನ ಮಾತು ಅಲ್ಲಿಗೇ ನಿಂತಿತು. ಕೈಯಲ್ಲಿದ್ದ ತುತ್ತು ಬಾಯಿಗೂ ಹೋಗಲಿಲ್ಲ, ತಟ್ಟೆಗೂ ಬರಲಿಲ್ಲ.

"ಏನಪ್ಪ?" ಎಂದಳು ಮಿಷಿನಮ್ಮ.

"ನೆನಪಿದೆ ಅತ್ತಿಗೆ." ಅವನ ದನಿ ಸಣ್ಣಗಾಗಿತ್ತು. "ಬರೆದದ್ದರ ಒಂದು ಪ್ರತಿಯನ್ನ ಕಂಪ್ಯೂಟರ್ ತನ್ನ ಮೆಮರಿಯಲ್ಲೂ ಸ್ವಲ್ಪ ಹೊತ್ತು ಇಟ್ಕೊಂಡಿರುತ್ತೆ. ಆಗಲೇ ಓದು ಅಂದ್ರೆ ಪೆನ್‌ಡ್ರೈವಿನ ತನಕ ಹೋಗದೆ ಅದನ್ನೇ ಓದಿ ಹೇಳಿಬಿಡಬಹುದು. ಪೆನ್‌ಡ್ರೈವಲ್ಲಿ ಏನು ಬಿದ್ದಿದೆಯೋ ನೋಡಿಯೇ ಇರಲ್ಲ. ಎಲ್ಲಿ ಅದು?"

ಅವಳ ಚೀಲದಲ್ಲೇ ಇತ್ತು. ಅವನು ಎಂಜಲು ಕೈಯಲ್ಲೇ ಎದ್ದ. ಅತ್ತೆ "ಕೈ ತೊಳೆಯೋ ಕೊಳಕ" ಎಂದರು. ತೊಳೆದು ಬಂದು ಲ್ಯಾಪ್‌ಟಾಪ್ ತೆರೆದ. ಆ ಲ್ಯಾಪ್‌ಟಾಪ್ ಈ ಪೆನ್‌ಡ್ರೈವನ್ನು ಹಿಂದೆಂದೂ ಕಂಡಿರಲಿಲ್ಲ. "ಪೂರ್ತಿ ಓದಿಸಬಾರದು, ಇಮೇಜಿನ ಆಚೆ ಬರೀ ಕಸ ಇರುತ್ತೆ. ಎಷ್ಟು ತುಂಡು ಅಂದ್ರಿ?"

"ಒಂದು ಲಕ್ಷ ಅರವತ್ತಾರು ಸಾವಿರದ ಒಂಬೈನೂರ ಹನ್ನೆರಡು." ಕೈಪಿಡಿ ನೋಡದೆಯೇ ಹೇಳಿದಳು.

ಒಂದು ನಿಮಿಷದೊಳಗೆ ಸಂಖ್ಯೆ ಬಂತು. ಮೊದಲ ನಾಲ್ಕು ಅಕ್ಷರ ನೋಡಿದ ಕೂಡಲೇ ಸಾಕಾಯಿತು. ಕೈಪಿಡಿಯ ಸಂಖ್ಯೆಗೂ ಇದಕ್ಕೂ ನೆಂಟಸ್ತಿಕೆಯೇ ಇರಲಿಲ್ಲ.

ಅವಳಿಗೆ ನಗು ಬಂತು. ಮೇಜಿನ ಮೇಲೆ ತಲೆಯಿಟ್ಟು ನಕ್ಕಳು.

"ಯಾಕೇ, ಸರಿ ಬಂತಾ?"

"ಇಲ್ಲ ಅತ್ತೆ. ತಪ್ಪು ಬಂತು! ಪ್ರತಿಯೇ ತಪ್ಪು. ಮಿಷಿನ್ ಸರಿ ಇದೆ. ಅದು ಹಾಳಾಗಿದೆ ಅಂತ ನಿಜಾನೇ ಹೇಳ್ತಾ ಇತ್ತು, ನಾವು ಅದನ್ನೇ ಬೈದ್ವಿ."

ಮೈದುನ ಪೆನ್‌ಡ್ರೈವನ್ನು ಎರಡು ಬೆರಳಲ್ಲಿ ಸತ್ತ ಜಿರಳೆಯ ಹಾಗೆ ಎತ್ತಿ ಹಿಡಿದಿದ್ದ. "ಬರೆದದ್ದನ್ನ ಉಳಿಸಿಕೊಳ್ಳಲ್ಲ ಇದು. ಉಡುಗೊರೆ ಕೊಟ್ಟವರು ಯಾರೋ, ಮ್ಯಾನೇಜರ್ ಸಾಹೇಬರ ಮೇಲೆ ಏನು ಸಿಟ್ಟಿತ್ತೋ." ಆಮೇಲೆ ತಾಯಿಯ ಕಡೆ ನೋಡಿ, "ಅಮ್ಮಾ, ನಾನು ಹನ್ನೊಂದು ವರ್ಷದಿಂದ ಈ ಕೆಲಸ ಮಾಡ್ತಾ ಇದ್ದೀನಿ," ಎಂದ.

"ಗೊತ್ತು ಕಣೋ. ಹಾಗಾಗಿಯೇ ಬೇಗ ಅರ್ಥ ಆಯ್ತು ನಿಂಗೆ," ಎಂದರು ಅತ್ತೆ. ಅದು ಹೊಗಳಿಕೆಯೋ ಚುಚ್ಚೋ ಎಂದು ಅವನು ಊಟ ಮುಗಿಯುವ ತನಕ ಯೋಚಿಸಿದ ಹಾಗಿತ್ತು.

ಬುಧವಾರ ಎಂಟೂವರೆಗೆ ಅವಳೂ ಮೈದುನನೂ ಅಂಗಡಿಯ ಬಾಗಿಲು ತೆಗೆದರು. ಮೈದುನ ತನ್ನ ಕೆಲಸಕ್ಕೆ ಇಟ್ಟುಕೊಂಡಿದ್ದ ಒಳ್ಳೆಯ ಪೆನ್‌ಡ್ರೈವುಗಳಲ್ಲಿ ಎರಡನ್ನು ಕೊಟ್ಟ. ಒಂದೊಂದಕ್ಕೂ ಇಮೇಜು ಬರೆದ. ಬರೆದು ಮುಗಿಯಿತು ಎಂದು ಪರದೆ ಹೇಳಿದ ಮೇಲೂ ಅವಸರ ಮಾಡದೆ, ತೆಗೆಯಬಹುದು ಎಂಬ ಸೂಚನೆ ಬರುವ ತನಕ ಕಾದು, ತೆಗೆದು ಅತ್ತಿಗೆಯ ಅಂಗೈಗೆ ಹಾಕಿದ. ತಾಳೆ ನೋಡಲಿಲ್ಲ. "ನಾನು ಬರೆದವನು. ಓದೋದು ನೀವು," ಎಂದ, ಸ್ವಲ್ಪ ಬಿಗುಮಾನದಿಂದಲೇ. ಯಾವ ಆದೇಶ ಕೊಟ್ಟರೆ ಸಂಖ್ಯೆ ಬರುತ್ತದೆ ಎಂದು ಚೀಟಿಯಲ್ಲಿ ಬರೆದುಕೊಟ್ಟ.

ಮುದ್ರಣಾಲಯದಲ್ಲಿ ಅತ್ತೆ ಆಗಲೇ ತಯಾರಾಗಿದ್ದರು. ಕೈಪಿಡಿಯ ಮೂವತ್ತೆರಡು ಅಕ್ಷರವನ್ನೂ ಹೊಲಿಗೆಯವರಿಂದ ಓದಿಸಿ, ಒಂದು ಪಟ್ಟಿಯ ಮೇಲೆ ಬ್ರೈಲಿನಲ್ಲಿ ಒತ್ತಿಸಿಕೊಂಡು, ಮಡಿಲಲ್ಲಿ ಇಟ್ಟುಕೊಂಡಿದ್ದರು. ಮಿಷಿನಮ್ಮ ಆಫೀಸಿನ ಕಂಪ್ಯೂಟರಿಗೆ ಮೊದಲ ಪೆನ್‌ಡ್ರೈವ್ ಚುಚ್ಚಿ, ಚೀಟಿ ನೋಡಿಕೊಂಡು ಆದೇಶ ಕೊಟ್ಟು, ಬಂದ ಸಂಖ್ಯೆಯನ್ನು ಒಂದೊಂದೇ ಅಕ್ಷರವಾಗಿ ಗಟ್ಟಿಯಾಗಿ ಓದಿದಳು. ಅತ್ತೆಯ ತೋರುಬೆರಳು ಪಟ್ಟಿಯ ಮೇಲೆ ಒಂದೊಂದೇ ಹೆಜ್ಜೆ ಇಟ್ಟಿತು. ಹತ್ತೊಂಬತ್ತನೆಯದಕ್ಕೆ ಬೆರಳು ನಿಂತಿತು.

"ಏನತ್ತೆ?"

"ಏನಿಲ್ಲ, ಬೆರಳು ತುರಿಸ್ತು. ಮುಂದೆ ಓದು."

ಮ್ಯಾನೇಜರ್ ಬಾಗಿಲ ಹತ್ತಿರ ನಿಂತು ಉಸಿರು ಬಿಟ್ಟದ್ದು ಕೇಳಿಸಿತು. ಮೂವತ್ತೆರಡೂ ತಾಳೆಯಾದವು. ಎರಡನೆಯ ಪೆನ್‌ಡ್ರೈವಿನದೂ ತಾಳೆಯಾಯಿತು. ಒಂದನ್ನು ಬೀರುವಿನಲ್ಲಿಟ್ಟು ಇನ್ನೊಂದನ್ನು ಯಂತ್ರಕ್ಕೆ ಚುಚ್ಚಿದಾಗ ಗಂಟೆ ಹನ್ನೊಂದೂ ಹತ್ತು. ಈ ಸಲ ನೋಡಲು ಯಾರನ್ನೂ ಕರೆಯಲಿಲ್ಲ. ಗುರುತು ಬಂತು, ನೀಲಿ ಪಟ್ಟಿ ಅರ್ಧ ದಾಟಿತು, ನಿನ್ನೆ ನಿಂತ ಜಾಗಕ್ಕೆ ಬಂತು, ಅದು ಯಾವ ಜಾಗವೆಂದೇ ಗೊತ್ತಿಲ್ಲದ ಹಾಗೆ ದಾಟಿ ಹೋಯಿತು. ಸೀಡಿಯಲ್ಲಿ ಆರು ನಿಮಿಷ ತೆಗೆದುಕೊಳ್ಳುತ್ತಿದ್ದದ್ದು ಒಂದು ನಿಮಿಷ ನಲವತ್ತು ಸೆಕೆಂಡಿಗೆ ಎದ್ದು ಕೂತಿತು. ಸೂಜಿಗಳೆಲ್ಲ ಒಮ್ಮೆ ಟಕಟಕ ಎಂದು ತಮ್ಮನ್ನು ತಾವೇ ಪರೀಕ್ಷಿಸಿಕೊಂಡವು.

"ಎದ್ದೀತಾ?" ಎಂದು ಮ್ಯಾನೇಜರ್ ಕೇಳುವಷ್ಟರಲ್ಲಿ ಎದ್ದಿತ್ತು. ಅವರು ಬಂದು ಯಂತ್ರದ ಬೆನ್ನು ತಟ್ಟಿ, ಆಮೇಲೆ ಮೇಷ್ಟ್ರ ನಂಬರು ಹುಡುಕುತ್ತ ಹೊರಗೆ ಹೋದರು. ಅವರ ದನಿ ಕಾರಿಡಾರಿನಲ್ಲಿ ಕೇಳಿಸುತ್ತಿತ್ತು: "ಹೌದು ಮೇಷ್ಟ್ರೇ, ಶುಕ್ರವಾರವೇ. ಇಲ್ಲ ಇಲ್ಲ, ತೊಂದರೆ ಏನೂ ಇರಲಿಲ್ಲ. ಸಣ್ಣದೊಂದು ಕೆಮ್ಮು."

ಪುಸ್ತಕದ ಎಂಬತ್ತು ಹಾಳೆಯ ಕರಡು ಹಿಂದಿನ ವಾರವೇ ಮುಗಿದಿತ್ತು. ಉಳಿದದ್ದು ಕೊನೆಯ ಅಧ್ಯಾಯ, ಹದಿನಾರು ಹಾಳೆ. ಅದನ್ನು ಮೊದಲು ಒತ್ತಿಸಿ ಅತ್ತೆಯ ಮೇಜಿಗೆ ಕೊಟ್ಟು, ಮಿಷಿನಮ್ಮ ತಿದ್ದಿ ಮುಗಿದಿದ್ದ ಹಾಳೆಗಳನ್ನು ಯಂತ್ರಕ್ಕೆ ಹಚ್ಚಿದಳು. ಹನ್ನೆರಡಕ್ಕೆ ಇನ್ನೂ ಮೂವತ್ತೈದು ನಿಮಿಷವಿತ್ತು. ಯಂತ್ರ ಇಪ್ಪತ್ತು ಸೆಕೆಂಡಿಗೊಂದರಂತೆ ಹಾಳೆ ಉಗುಳತೊಡಗಿತು. ಬಿಳಿ ಕಾಗದದ ಮೇಲೆ ಬಣ್ಣವಿಲ್ಲದ ಗೆರೆಗಳು, ಓರೆಯ ಬೆಳಕಿನಲ್ಲಿ ಮಾತ್ರ ಕಾಣುವಂಥವು.

ಅತ್ತೆಗೆ ಒಂದು ಹಾಳೆಗೆ ನಾಲ್ಕು ನಿಮಿಷ ಸಾಕು. ಮೊದಲ ಮೂರು ಹಾಳೆ ಅದೇ ಲೆಕ್ಕದಲ್ಲಿ ಬಂದವು. ಒಂದರಲ್ಲಿ ಒಂದು ಚುಕ್ಕಿ ಹೆಚ್ಚಿತ್ತು, ಗುರುತು ಹಾಕಿದ್ದರು. ನಾಲ್ಕನೆಯದು ಬರಲಿಲ್ಲ. ಹತ್ತು ನಿಮಿಷವಾಯಿತು. ಹದಿನೈದಾಯಿತು. ಮಿಷಿನಮ್ಮ ಎರಡು ಸಲ ಗೋಡೆಯ ಕಡೆ ನೋಡಿದಳು. ಅದು ನಲವತ್ತೊಂಬತ್ತನೇ ಚಿತ್ರದ ಪುಟ. ಅವಳು ಅತಿ ಹೆಚ್ಚು ಸಲ ಅಳಿಸಿ ಬರೆದದ್ದು. ತಪ್ಪು ದೊಡ್ಡದೇ ಇರಬೇಕು. ಗೆರೆ ಒಂದರ ಮೇಲೊಂದು ಹತ್ತಿರಬಹುದು. ತಿದ್ದಿ ಮತ್ತೆ ಒತ್ತಿಸಿ ಮತ್ತೆ ಓದಿಸುವಷ್ಟು ಹೊತ್ತಿದೆಯೇ ಎಂದು ಲೆಕ್ಕ ಹಾಕುತ್ತಲೇ ಆಚೆ ಕೋಣೆಗೆ ಹೋದಳು.

ಅತ್ತೆ ಹಾಳೆಯ ಮೇಲೆ ಎರಡೂ ಕೈ ಹರಡಿ ಕೂತಿದ್ದರು. ಎಡಗೈ ತ್ರಿಭುಜದ ತುದಿಯಲ್ಲಿ, ಬಲಗೈ ಬುಡದ ಗೆರೆಯ ಮೇಲೆ. ಎದುರಿಗೆ ಅಚ್ಚಿನ ಪ್ರತಿ ಹಿಡಿದು ಕೂತಿದ್ದ ಹೊಲಿಗೆಯವರು ಭುಜ ಹಾರಿಸಿ ಸುಮ್ಮನೆ ನಕ್ಕರು.

"ಅತ್ತೆ, ತಪ್ಪಿದೆಯಾ?"

"ತಪ್ಪೆಲ್ಲಿದೆ? ಇಲ್ಲ."

"ಮತ್ತೆ ಇಷ್ಟು ಹೊತ್ತು?"

"ಓದ್ತಾ ಇದ್ದೀನಿ ಕಣೇ," ಎಂದರು ಅತ್ತೆ. ದನಿ ಸ್ವಲ್ಪ ಬೇರೆಯಾಗಿತ್ತು. "ನೀನು ಚೂರು ಕಾಗದ ಕೊಟ್ಟಾಗ ಬರೀ ಗೆರೆ ಕೊಟ್ಟಿದ್ದೆ. ಗೆರೆ ಸರಿ ಇದೆ ಅಂದೆ. ಸ್ಕೂಲಲ್ಲಿ ನಮಗೂ ಈ ಪಾಠ ಬಿಡಿಸಿದ್ರು. ಇದು ಹೀಗೆ ಅಂತ ಯಾರು ಹೇಳಿದ್ರು ನಂಗೆ? ಬಾ, ಕೈ ಕೊಡಿಲ್ಲಿ."

ಸೊಸೆಯ ಬೆರಳನ್ನು ಹಿಡಿದು ಬುಡದ ಒಂದು ಮೂಲೆಗೆ ಒಯ್ದರು. "ಈ ಕೋನ. ಮೇಲೆ ತುದಿಗೆ ತಾಗಿ ಬುಡಕ್ಕೆ ಸಮಾಂತರವಾಗಿ ಒಂದು ಗೆರೆ ಎಳೆದಿದ್ದೀಯಲ್ಲ, ಇದೇ ಕೋನ ಅಲ್ಲಿ ಈ ಪಕ್ಕಕ್ಕೆ ಬಂದು ಕೂರುತ್ತೆ. ಆ ಮೂಲೆಯದು ಆ ಪಕ್ಕಕ್ಕೆ. ನಡುವೆ ಮೊದಲೇ ಇದ್ದದ್ದು. ಮೂರೂ ಸೇರಿದ್ರೆ ನೆಟ್ಟಗಿನ ಒಂದು ಗೆರೆ. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ." ಸೊಸೆಯ ಬೆರಳು ಬಿಟ್ಟು, "ಎಲ್ಲ ತ್ರಿಭುಜಕ್ಕೂ ಹೀಗೇನಾ?" ಎಂದು ಕೇಳಿದರು.

"ಎಲ್ಲದಕ್ಕೂ."

"ಡೊಂಕುಪಂಕು ಇದ್ದರೂ?"

"ಡೊಂಕುಪಂಕು ಇದ್ದರೂ ಅತ್ತೆ."

ಅತ್ತೆ ಮತ್ತೊಮ್ಮೆ ಮೂರೂ ಮೂಲೆಯನ್ನು ಸವರಿದರು, ಈ ಸಲ ತಾವೇ, ನಿಧಾನವಾಗಿ. ಗೋಡೆಯಾಚೆ ಯಂತ್ರ ಇನ್ನೊಂದು ಹಾಳೆ ಉಗುಳಿತು.

"ನೀನು ಹೋಗು, ಅಲ್ಲಿ ಕಾಗದ ಮುಗಿದೀತು," ಎಂದರು. ಆಮೇಲೆ ಎದುರಿಗಿದ್ದವರ ಕಡೆ ಕೈ ಚಾಚಿದರು. "ಮುಂದಿನ ಹಾಳೆ ಕೊಡಿ. ಆಮೇಲೆ ಏನಾಗುತ್ತೆ ನೋಡೋಣ."